ಬೆಕ್ಕಿನ ಕೊರಳಿಗೆ ಬಣ್ಣದ ಪಟ್ಟಿ: ಹಕ್ಕಿಗಳಿಗೆ ಎಷ್ಟು ರಕ್ಷಣೆ?

ಕಲಬುರಗಿಯ ನಮ್ಮ ಅಂಗಳದ ಬೇವಿನ ಮರಕ್ಕೆ ಬರುವ ಪಿಕಳಾರ, ಗುಬ್ಬಿಗಳನ್ನು ಸಾಕಿದ ಬೆಕ್ಕಿನಿಂದ ಉಳಿಸಬೇಕೆಂದು ಆನ್‌ಲೈನ್‌ನಲ್ಲಿ ತರಿಸಿಕೊಂಡ ಬಣ್ಣದ ಬಟ್ಟೆಯ ಕೊರಳಪಟ್ಟಿ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಕೆಂಪು, ಹಳದಿ ಚಿತ್ತಾರದ ಈ ಬಟ್ಟೆಯೊಳಗೆ ಮಾಮೂಲಿ ಬೆಲ್ಟ್ ತೂರಿಸಿ ಕಟ್ಟಿದರೆ, ಹುಲ್ಲಿನಲ್ಲಿ ಹೊಂಚುಹಾಕಿದ ಬೆಕ್ಕು, ಬಣ್ಣ ಗುರುತಿಸುವುದರಲ್ಲಿ ಬಲು ಚುರುಕಾದ ಹಕ್ಕಿಯ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಪಟ್ಟಿ ತೊಟ್ಟ ಬೆಕ್ಕುಗಳು ಮನೆಗೆ ಹಿಡಿದು ತಂದ ಹಕ್ಕಿಗಳ ಸಂಖ್ಯೆ ಶೇ 42ರಷ್ಟು ಇಳಿದಿತ್ತು. ಗೆಜ್ಜೆಯಿಂದ ಹೇಳಿಕೊಳ್ಳುವಂಥ ಪರಿಣಾಮ ಕಂಡಿರಲಿಲ್ಲ. ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಮತ್ತು ದಿನಕ್ಕೆ 5ರಿಂದ 10 ನಿಮಿಷದ ಆಟ ಒಟ್ಟು ಬೇಟೆಯನ್ನು ಕ್ರಮವಾಗಿ ಶೇ 36 ಮತ್ತು 25ರಷ್ಟು ತಗ್ಗಿಸಿದ್ದವು.

ಕೊಳ್ಳುವಾಗ, ಎಳೆದರೆ ತಾನೇ ಬಿಚ್ಚಿಕೊಳ್ಳುವ ಬಕಲ್ ಇದೆಯೇ ಎಂದು ನೋಡಲೇಬೇಕು. ಕೊಂಬೆಗೋ ಕಿಟಕಿಯ ಸರಳಿಗೋ ಸಿಕ್ಕಿಕೊಂಡರೆ ಬೆಕ್ಕಿನ ಪ್ರಾಣಕ್ಕೇ ಅಪಾಯ. ನಮ್ಮ ಭಾಗದ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ಇದಕ್ಕಿಂತ ದೊಡ್ಡ ಮಿತಿಯೆಂದರೆ, ಗೂಡಿನಿಂದ ಈಗಷ್ಟೇ ಇಳಿದು, ರೆಕ್ಕೆ ಬಲಿಯದೆ ನೆಲದಲ್ಲಿ ಕುಪ್ಪಳಿಸುವ ಮರಿಗೆ ಬೆಕ್ಕು ಕಂಡರೂ ಹಾರಲಾಗದು. ಹಾಗಾಗಿ ಮರಿಗಳು ಗೂಡು ಬಿಡುವ ದಿನಗಳಲ್ಲಿ ನಮ್ಮ ಬೆಕ್ಕನ್ನು, ಪಟ್ಟಿ ಇದ್ದರೂ, ಮನೆಯೊಳಗೇ ಇರಿಸಿಕೊಳ್ಳುತ್ತೇವೆ.