ತುಂಡಾದ ನಳಿಗೆಗೆ ಹೊಸ ಫ್ರಂಟ್ ಸೈಟ್: ಒಂದು ದುರಸ್ತಿ ಕೆಲಸದ ವಿಮರ್ಶೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಮಿತ್ ಆಂಡ್ ವೆಸ್ಸನ್ ಕಂಪನಿಯು ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳಿಗೆ ಕಳುಹಿಸಿದ್ದ 5 ಲಕ್ಷಕ್ಕೂ ಹೆಚ್ಚು ರಿವಾಲ್ವರ್‌ಗಳ ಪೈಕಿ ಒಂದು ನನ್ನ ಬಳಿ ಇದೆ. ಮೂಲತಃ 5 ಇಂಚು ಇದ್ದ ಅದರ ನಳಿಗೆಯನ್ನು ಯುದ್ಧ ಮುಗಿದ ಮೇಲೆ ಯಾರೋ 3 ಇಂಚಿಗೆ ಕತ್ತರಿಸಿದ್ದರು. ನಳಿಗೆಯ ತುದಿಯಲ್ಲಿದ್ದ ಫ್ರಂಟ್ ಸೈಟ್, ಅಂದರೆ ಗುರಿ ಹಿಡಿಯಲು ನೋಡುವ ಉಬ್ಬು, ಆ ತುಂಡಿನೊಂದಿಗೇ ಹೋಗಿತ್ತು. ಅದರ ಜಾಗದಲ್ಲಿ ಅಂಟು ಹಾಕಿ ಕೂರಿಸಿದ್ದ ಲೋಹದ ಪಟ್ಟಿಯು ನಾನು ಹಾರಿಸಿದ ಮೊದಲ ಹತ್ತು ಹನ್ನೆರಡು ಗುಂಡುಗಳಲ್ಲೇ ಎಗರಿಹೋಯಿತು. ಹೊಸದನ್ನು ಕೂರಿಸಲು ಪರವಾನಗಿ ಹೊಂದಿದ ಬಂದೂಕು ದುರಸ್ತಿಗಾರರೊಬ್ಬರಿಗೆ ಕೊಟ್ಟೆ.

ಅವರು ಸೈಟ್ ಮುಟ್ಟುವ ಮೊದಲು ಸಿಲಿಂಡರ್ ತೆರೆದು ಚೇಂಬರ್‌ಗಳನ್ನು (ಕಾಡತೂಸು ಕೂರುವ ಗೂಡುಗಳನ್ನು) ಅಳೆದದ್ದು ನನಗೆ ಮೆಚ್ಚುಗೆಯಾಯಿತು. ಈ ರಿವಾಲ್ವರ್‌ಗಳಲ್ಲಿ ಹಲವನ್ನು ಯುದ್ಧಾನಂತರ .38 ಸ್ಪೆಷಲ್ ಕಾಡತೂಸಿಗೆ ಹೊಂದುವಂತೆ ಉದ್ದಕ್ಕೆ ಕೊರೆಯಲಾಗಿತ್ತು; ಆದರೆ ಮೂಲ ಚೇಂಬರ್ ಅದಕ್ಕಿಂತ ಅಗಲವಾದದ್ದರಿಂದ ಹಾರಿಸಿದಾಗ ಹಿತ್ತಾಳೆಯ ಕೋಶ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ನನ್ನದು ಹಾಗೆ ಕೊರೆಯದೆ ಉಳಿದಿತ್ತು. ಬಳಿಕ ಗರಗಸದ ಗುರುತು ಉಳಿದಿದ್ದ ನಳಿಗೆಯ ಬಾಯಿಯನ್ನು ನೇರ ಮಾಡಿ, ಅಂಚನ್ನು ಒಳಮುಖವಾಗಿ ಸವರಿದರು. ಬಾಯಿ ಓರೆಯಾಗಿದ್ದರೆ ಮೇಲಿನ ಸೈಟ್ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲ.

ಈ ಮಾದರಿಯ ನಳಿಗೆ ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವುದರಿಂದ, ಕತ್ತರಿಸಿದ ಜಾಗದ ದಪ್ಪಕ್ಕೆ ಸಿದ್ಧ ಸೈಟ್‌ನ ತಳ ಹೊಂದುವುದಿಲ್ಲ. ಅದೇ ದಪ್ಪದ ಉಕ್ಕಿನ ಕಂಬಿಗೆ ಉಜ್ಜುಕಾಗದ ಸುತ್ತಿ, ಬೆಳಕಿಗೆ ಹಿಡಿದರೆ ಕೆಳಗೆ ಸಂದು ಕಾಣದಷ್ಟು ತಳವನ್ನು ತೀಡಿದರು. ಬೆಸುಗೆಯ ಬಲವಿರುವುದು ತೆಳುವಾದ ಪದರದಲ್ಲಿ. ಸಂದು ತುಂಬಲು ದಪ್ಪಗೆ ಸುರಿದ ಬೆಸುಗೆ ಹಿಮ್ಮೆಟ್ಟುವ ಹೊಡೆತಕ್ಕೆ ಬಿಟ್ಟುಕೊಡುತ್ತದೆ. ಸ್ಕ್ರೂ ಏಕೆ ಬೇಡ ಎಂದು ಕೇಳಿದ್ದಕ್ಕೆ, ಇಷ್ಟು ತೆಳುವಾದ ಗೋಡೆಯಲ್ಲಿ ರಂಧ್ರ ಗುಂಡನ್ನು ತಿರುಗಿಸುವ ಒಳಗಿನ ಗೀರುಗಳವರೆಗೂ ತಲುಪಬಹುದು ಎಂದರು. ಸುಮಾರು 221 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತವರ-ಬೆಳ್ಳಿ ಬೆಸುಗೆಯನ್ನು ಆರಿಸಿಕೊಂಡದ್ದೂ ಸರಿಯಾದ ನಿರ್ಧಾರ; 600 ಡಿಗ್ರಿ ದಾಟುವ ಗಟ್ಟಿ ಬೆಳ್ಳಿ ಬೆಸುಗೆ ಇನ್ನೂ ಬಲವಾದದ್ದಾದರೂ ಹಳೆಯ ನಳಿಗೆಯನ್ನು ಅಷ್ಟು ಕಾಯಿಸುವ ಅಗತ್ಯ ಇಲ್ಲಿರಲಿಲ್ಲ.

ಸೈಟನ್ನು ಬೇಕೆಂದೇ ಎತ್ತರವಾಗಿ ಬಿಟ್ಟಿದ್ದರು. ಎತ್ತರ ಹೆಚ್ಚಿದ್ದರೆ ಗುಂಡು ಕೆಳಗೆ ಬೀಳುತ್ತದೆ, ಆಗ ಅರದಿಂದ ತಗ್ಗಿಸಬಹುದು. ಕಡಿಮೆಯಾದರೆ ಮತ್ತೆ ಮೊದಲಿನಿಂದ ಕೆಲಸ. ಹದಿನೈದು ಮೀಟರ್ ದೂರದಲ್ಲಿ ಗುಂಡುಗಳು 150 ಮಿ.ಮೀ. ಕೆಳಗೆ ಬಿದ್ದವು. ಗುರಿ ಹಿಡಿಯಲು ನೋಡುವ ಹಿಂದಿನ ತೋಡಿಗೂ ಮುಂದಿನ ಸೈಟಿಗೂ ನಡುವೆ 110 ಮಿ.ಮೀ. ಇದ್ದುದರಿಂದ, 110ನ್ನು 150ರಿಂದ ಗುಣಿಸಿ 15,000ದಿಂದ ಭಾಗಿಸಿದರೆ 1.1 ಮಿ.ಮೀ. ತೆಗೆಯಬೇಕೆಂದಾಯಿತು. ಅವರು 0.9 ಮಾತ್ರ ತೆಗೆದು, ಮತ್ತೆ ಹಾರಿಸಿ ನೋಡಿ, ಉಳಿದದ್ದನ್ನು ಎರಡೆರಡೇ ಎಳೆತದಲ್ಲಿ ತೀಡಿದರು. ನಳಿಗೆ ಮೋಟಾದಷ್ಟೂ ಕೂದಲೆಳೆಯ ವ್ಯತ್ಯಾಸವೂ ಗುರಿಯಲ್ಲಿ ದೊಡ್ಡದಾಗುತ್ತದೆ ಎಂಬುದು ಆ ತಾಳ್ಮೆಯನ್ನು ನೋಡಿದಾಗ ಅರ್ಥವಾಯಿತು.

ಎರಡು ಆಕ್ಷೇಪಗಳಿವೆ. ಸೈಟ್‌ನ ಹಿಂಮುಖವನ್ನು ನುಣುಪಾಗಿ ಹೊಳೆಯಿಸಿದ್ದರಿಂದ ಬಿಸಿಲಿನಲ್ಲಿ ಅದು ಮಿಂಚಿ ಅಂಚೇ ಕಾಣುತ್ತಿರಲಿಲ್ಲ. ಮರಳಿ ಒಯ್ದಾಗ ಅಡ್ಡ ಗೀರುಗಳನ್ನು ಹಾಕಿಕೊಟ್ಟರು. ಇನ್ನೊಂದು ಸರಿಹೋಗಲಿಲ್ಲ. ಬೆಸುಗೆ ಹಿಡಿಯಬೇಕಾದರೆ ಯುದ್ಧಕಾಲದ ಮಾಸಲು ಬೂದು ಫಾಸ್ಫೇಟ್ ಲೇಪವನ್ನು ಅಲ್ಲಿ ಕೆರೆಯಲೇಬೇಕು ಎಂದು ಮೊದಲೇ ಹೇಳಲಿಲ್ಲ. ಕೆರೆದ ಜಾಗಕ್ಕೆ ಹಚ್ಚಿದ ಕೋಲ್ಡ್ ಬ್ಲೂ (ಕಾಯಿಸದೆ ಉಕ್ಕಿಗೆ ಬಣ್ಣ ಕೊಡುವ ದ್ರಾವಣ) ನೀಲಿಗಪ್ಪಾಗಿ, ಸುತ್ತಲಿನ ಬೂದುಬಣ್ಣದ ನಡುವೆ ತೇಪೆಯಂತೆ ಕಾಣುತ್ತದೆ. ನಳಿಗೆ ಕತ್ತರಿಸಿದಾಗಲೇ ಸಂಗ್ರಾಹಕರ ಬೆಲೆ ಹೋಗಿದ್ದ ವಸ್ತುವಾದ್ದರಿಂದ ನಷ್ಟವೇನೂ ಆಗಲಿಲ್ಲ, ಆದರೂ ಕಣ್ಣಿಗೆ ಚುಚ್ಚುತ್ತದೆ.

ಇನ್ನೂರು ಗುಂಡುಗಳ ನಂತರ ಭೂತಗನ್ನಡಿಯಲ್ಲಿ ನೋಡಿದಾಗ ಬೆಸುಗೆಯ ಗೆರೆಯಲ್ಲಿ ಬಿರುಕು ಕಾಣಲಿಲ್ಲ. ಮತ್ತೊಂದು ಕೆಲಸವಿದ್ದರೆ ಅವರಿಗೇ ಕೊಡುತ್ತೇನೆ. ಬಣ್ಣದ ಮಾತನ್ನು ಮಾತ್ರ ಚೀಟಿಯಲ್ಲಿ ಮೊದಲೇ ಬರೆಸಿಕೊಳ್ಳುತ್ತೇನೆ.