ಮನೆಯ ರೌಟರಿನಲ್ಲಿ ಸೈಟ್ ತಡೆ: ಬಳಸಿ ನೋಡಿದ ಮೂರು ವಿಧಾನಗಳ ಹೋಲಿಕೆ

ಪಿಯುಸಿ ಓದುತ್ತಿರುವ ಮಗಳು ಒಂದು ಆಟದ ಸೈಟಿನ ಹೆಸರು ಹೇಳಿ, "ಅಪ್ಪ, ಪರೀಕ್ಷೆ ಮುಗಿಯೋವರೆಗೂ ಇದನ್ನ ಬ್ಲಾಕ್ ಮಾಡಿಬಿಡು" ಎಂದು ತಾನಾಗಿಯೇ ಕೇಳಿದ್ದರಿಂದ, ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಮೊದಲನೆಯದು, ಇಂಟರ್‌ನೆಟ್ ಸಂಪರ್ಕದ ಜೊತೆಗೇ ಬಂದ ರೌಟರಿನ ಫಿಲ್ಟರ್ ಪಟ್ಟಿ. ಸೈಟಿನ ವಿಳಾಸವನ್ನು ಸೇರಿಸಿದೊಡನೆ ಲ್ಯಾಪ್‌ಟಾಪಿನಲ್ಲಿ ಅದು ನಿಂತಿತು; ಆದರೆ ಮೊಬೈಲಿನಲ್ಲಿ 'ಎಂ' ಎಂದು ಆರಂಭವಾಗುವ ಸಬ್‌ಡೊಮೇನ್ (ಸೈಟಿನ ಮುಖ್ಯ ಹೆಸರಾದ ಡೊಮೇನಿನ ಅಡಿಯ ಉಪಹೆಸರು) ಮೂಲಕ ಅದೇ ಆಟ ತೆರೆದುಕೊಂಡಿತು. ಬರೆದ ಹೆಸರನ್ನಷ್ಟೇ ತಡೆಯುವ ಈ ಕೊರತೆ ಸೈಟಿನ ಹೆಸರು ಮತ್ತು ವಿಳಾಸಗಳನ್ನು ಬರೆದಿಡುವ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲೂ ಇದೆ. ರೌಟರಿನ ಈ ಪಟ್ಟಿಯನ್ನು ನಾನು ಯಾರಿಗೂ ಸೂಚಿಸಲಾರೆ.

ಎರಡನೆಯದಾಗಿ, ರೌಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸವನ್ನು ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಮತ್ತು 1.0.0.3 ಎಂದು ಬದಲಿಸಿದೆ. ಅಪಾಯಕಾರಿ ಹಾಗೂ ವಯಸ್ಕರ ಸೈಟುಗಳು ನಿಂತವು, ಆದರೆ ನಾವೇ ಆರಿಸಿದ ಹೆಸರನ್ನು ಸೇರಿಸಲು ಅಲ್ಲಿ ಅವಕಾಶವಿಲ್ಲ. ನೆಕ್ಸ್ಟ್‌ಡಿಎನ್‌ಎಸ್ ಎಂಬ ಇನ್ನೊಂದು ಡಿಎನ್‌ಎಸ್ ಸೇವೆಯಲ್ಲಿ ಆ ಅವಕಾಶವಿದೆ. ಡೊಮೇನನ್ನು ಸೇರಿಸಿದರೆ ಸಬ್‌ಡೊಮೇನ್‌ಗಳೂ ನಿಲ್ಲುತ್ತವೆ. ಉಚಿತ ಬಳಕೆಯಲ್ಲಿ ತಿಂಗಳಿಗೆ 3,00,000 ವಿಚಾರಣೆಗಳು (ಹೆಸರಿನ ವಿಳಾಸ ಕೇಳುವ ಕೋರಿಕೆಗಳು) ಮುಗಿದ ಮೇಲೆ ಉತ್ತರವೇನೋ ಬರುತ್ತದೆ, ಆದರೆ ತಡೆ ಇರುವುದಿಲ್ಲ.

ಮೂರನೆಯದು ನನಗೆ ಅತ್ಯಂತ ಹಿಡಿಸಿತು. ಹಳೆಯ ರೌಟರೊಂದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಹಾಕಿ, ಅದರಲ್ಲಿ ಡಿಎನ್‌ಎಸ್ ಕೆಲಸ ನೋಡಿಕೊಳ್ಳುವ ಡಿಎನ್‌ಎಸ್‌ಮಾಸ್ಕ್‌ನ 'ಅಡ್ರೆಸ್' ಸಾಲಿನಲ್ಲಿ ಎರಡು ಓರೆಗೆರೆಗಳ ನಡುವೆ ಡೊಮೇನ್ ಹೆಸರನ್ನೂ ಅದರ ಮುಂದೆ # ಗುರುತನ್ನೂ (ಎಲ್ಲಿಗೂ ತಲುಪದ 0.0.0.0 ವಿಳಾಸವನ್ನೂ ಅದರ ಐಪಿವಿ6 ರೂಪವನ್ನೂ ಉತ್ತರವಾಗಿ ಕೊಡುವಂಥದ್ದು) ಬರೆದರೆ, ಆ ಹೆಸರಿನಡಿ ಬರುವ ಸಬ್‌ಡೊಮೇನ್‌ಗಳೆಲ್ಲವೂ ಒಂದೇ ಸಾಲಿಗೆ ನಿಲ್ಲುತ್ತವೆ. ಅದೇ ಕಂಪನಿಯ ಗಣಿತಾಭ್ಯಾಸದ ಪುಟ ಬೇರೊಂದು ಸಬ್‌ಡೊಮೇನ್‌ನಲ್ಲಿದ್ದು ಮಗಳಿಗೆ ಬೇಕಾಗಿತ್ತು. ಅದಕ್ಕೆ 'ಸರ್ವರ್' ಎಂಬ ಇನ್ನೊಂದು ಸಾಲು ಬರೆದು ವಿನಾಯಿತಿ ಕೊಟ್ಟೆ, ಏಕೆಂದರೆ ಹೆಚ್ಚು ನಿರ್ದಿಷ್ಟವಾದ ಹೆಸರಿಗೇ ಅಲ್ಲಿ ಮನ್ನಣೆ.

ಆದರೂ ಮೊದಲ ಸಂಜೆ ಮೊಬೈಲಿನಲ್ಲಿ ಆಟ ತೆರೆಯಿತು. ಲ್ಯಾಪ್‌ಟಾಪಿನಲ್ಲಿ ಹೆಸರಿನ ವಿಳಾಸ ತೋರಿಸುವ ಎನ್‌ಎಸ್‌ಲುಕಪ್ ಆದೇಶ ಕೊಟ್ಟರೆ 0.0.0.0 ಎಂದೇ ಬರುತ್ತಿತ್ತು. ಹುಡುಕಿದಾಗ, ಸಂಪರ್ಕ ಕೊಟ್ಟ ಕಂಪನಿಯ ಐಪಿವಿ6 (ಹೊಸ ಬಗೆಯ, ಉದ್ದನೆಯ ಇಂಟರ್‌ನೆಟ್ ವಿಳಾಸ) ಡಿಎನ್‌ಎಸ್ ವಿಳಾಸವೂ ಮೊಬೈಲಿಗೆ ತಲುಪುತ್ತಿರುವುದು ತಿಳಿಯಿತು. ಅದನ್ನು ನಿಲ್ಲಿಸಿದ ಮೇಲೆ ಸರಿಹೋಯಿತು. ಆಂಡ್ರಾಯ್ಡ್ 9ರಿಂದ ಬಂದಿರುವ ಪ್ರೈವೇಟ್ ಡಿಎನ್‌ಎಸ್ (ಗೂಢಲಿಪಿಯಲ್ಲಿ ಸಾಗುವ ಡಿಎನ್‌ಎಸ್) ಕೂಡ ರೌಟರಿನ ಡಿಎನ್‌ಎಸ್ಸನ್ನು ಕೇಳದೆಯೇ ತಡೆಯನ್ನು ದಾಟಬಲ್ಲದು. ಅದು ಬಳಸುವ 853ನೇ ಪೋರ್ಟನ್ನು (ಸಂಚಾರದ ದ್ವಾರ ಸಂಖ್ಯೆ) ರೌಟರಿನ ಫೈರ್‌ವಾಲಿನಲ್ಲಿ ಮುಚ್ಚಬಹುದು. ಬ್ರೌಸರಿನ ಸುರಕ್ಷಿತ ಡಿಎನ್‌ಎಸ್ ಮಾತ್ರ ಸಾಮಾನ್ಯ ವೆಬ್ ಸಂಚಾರದ 443ನೇ ಪೋರ್ಟಿನಲ್ಲೇ ಸಾಗುವುದರಿಂದ, ಅದನ್ನು ಆಯಾ ಸಾಧನದಲ್ಲೇ ಆರಿಸಿಡುವುದು ಸುಲಭ.

ಮಂಡ್ಯದಲ್ಲಿರುವ ಅಣ್ಣನ ಮನೆಗೆ ಮಾತ್ರ 1.1.1.3 ಅನ್ನೇ ಹಾಕಿಕೊಟ್ಟು ಬಂದಿದ್ದೇನೆ. ಅಲ್ಲಿ ಚಿಕ್ಕ ಮಕ್ಕಳಿದ್ದಾರೆ, ರೌಟರಿನೊಳಗೆ ಕೈಯಾಡಿಸುವವರು ಯಾರೂ ಇಲ್ಲ.