ಡಾಡ್ ಸ್ಕಾಲರ್‌ಶಿಪ್: ಕೊಡಗಿನಿಂದ ಅರ್ಜಿ ಹಾಕುವವರಿಗೆ ಎಷ್ಟು ಪ್ರಯೋಜನ, ಎಲ್ಲಿ ತೊಡಕು

ಅರಣ್ಯ, ಕೃಷಿ, ಪರಿಸರ, ನೀರಿನ ನಿರ್ವಹಣೆ ಓದಿ, ಆಮೇಲೆ ಅದೇ ಕ್ಷೇತ್ರದಲ್ಲಿ ಎಲ್ಲಾದರೂ ಎರಡು ವರ್ಷ ಸಂಬಳಕ್ಕೆ ದುಡಿದವರಿಗೆ ಜರ್ಮನಿಯ ಡಾಡ್ ಸಂಸ್ಥೆಯ ಇಪಿಒಎಸ್ ಸ್ಕಾಲರ್‌ಶಿಪ್‌ನಷ್ಟು ಹೇಳಿ ಮಾಡಿಸಿದ ಹಾದಿ ಇನ್ನೊಂದು ಸಿಗುವುದು ಕಷ್ಟ. ಈ ವರ್ಷವಷ್ಟೇ ಪದವಿ ಮುಗಿಸಿದವರಿಗೂ, ಮನೆಯ ತೋಟ ನೋಡಿಕೊಂಡಿದ್ದು ಕಾಗದದಲ್ಲಿ ಅದರ ಗುರುತೇ ಇಲ್ಲದವರಿಗೂ ಇದು ಸದ್ಯಕ್ಕೆ ಆಗಿಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕದ ಕಾರಣ ಮುಂದೆ ಬರುತ್ತದೆ.

ಡಾಡ್ 1925ರಲ್ಲಿ ಶುರುವಾದ ಶೈಕ್ಷಣಿಕ ವಿನಿಮಯ ಸಂಸ್ಥೆ. ಹಣದ ದೊಡ್ಡ ಪಾಲು ಜರ್ಮನ್ ಸರ್ಕಾರದ್ದು, ಭಾರತದ ಕಚೇರಿ ದೆಹಲಿಯಲ್ಲಿದೆ. ಇಪಿಒಎಸ್ ಅಂದರೆ ಅಭಿವೃದ್ಧಿಶೀಲ ದೇಶಗಳ ಉದ್ಯೋಗಸ್ಥರಿಗಾಗಿ ಆಯ್ದಿಟ್ಟ ಸ್ನಾತಕೋತ್ತರ ಕೋರ್ಸುಗಳ ಪಟ್ಟಿ. ಆ ಪಟ್ಟಿಯಲ್ಲಿರುವ ಕೋರ್ಸಿಗೆ ಮಾತ್ರ ಈ ಹಣ ಸಿಗುತ್ತದೆ. ಪೊನ್ನಂಪೇಟೆ ಅರಣ್ಯ ಕಾಲೇಜಿನವರು ಮೊದಲು ನೋಡಬೇಕಾದದ್ದು ಡ್ರೆಸ್ಡನ್ ತಾಂತ್ರಿಕ ವಿಶ್ವವಿದ್ಯಾಲಯದ ಉಷ್ಣವಲಯ ಅರಣ್ಯಶಾಸ್ತ್ರದ ಎಂ.ಎಸ್ಸಿ. ತರಗತಿ ನಡೆಯುವುದು ಡ್ರೆಸ್ಡನ್ ಪಕ್ಕದ ಥರಾಂಟ್ ಎಂಬ ಪುಟ್ಟ ಊರಿನಲ್ಲಿ, ಬೋಧನೆ ಇಂಗ್ಲಿಷಿನಲ್ಲಿ. ಭಾರತದ ಮೊದಲ ಅರಣ್ಯ ಮಹಾ ನಿರೀಕ್ಷಕನಾಗಿ 1864ರಲ್ಲಿ ಬಂದು ಕೂತ ಡೀಟ್ರಿಚ್ ಬ್ರಾಂಡಿಸ್ ಕೂಡ ಜರ್ಮನ್ನನೇ. ನಮ್ಮ ಮೀಸಲು ಅರಣ್ಯದ ಲೆಕ್ಕಾಚಾರಕ್ಕೂ ಅಲ್ಲಿನ ಪಾಠಕ್ಕೂ ನಂಟು ಹಳೆಯದು.

ಮೊದಲು ಹಣದ ಮಾತು. ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೋ, ಅದರ ಮೇಲೆ ಆರೋಗ್ಯ ವಿಮೆ, ಪ್ರಯಾಣ ಭತ್ಯೆ, ಅಧ್ಯಯನ ಭತ್ಯೆ. ಬಹುತೇಕ ಕೋರ್ಸುಗಳಿಗೆ ಮೊದಲು ಜರ್ಮನ್ ಭಾಷಾ ತರಬೇತಿಯನ್ನೂ ಅವರೇ ಕೊಡಿಸುತ್ತಾರೆ. ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ, ಆದರೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಶುಲ್ಕವೇ ಇಲ್ಲ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಅಲ್ಲಿನ ಕೋರ್ಸು ಆರಿಸುವವರು ವಿನಾಯಿತಿ ಉಂಟೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸ್ವಂತ ಖರ್ಚಿನಲ್ಲಿ ಹೋಗುವವರು ವೀಸಾಕ್ಕೆ ಮುನ್ನ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) 11,904 ಯೂರೋ ಇಡಬೇಕು. 992ನ್ನು ಹನ್ನೆರಡು ತಿಂಗಳಿಗೆ ಗುಣಿಸಿದರೆ ಸಿಗುವ ಮೊತ್ತವೇ ಅದು. ಡಾಡ್ ಪತ್ರ ಕೈಯಲ್ಲಿದ್ದರೆ ಆ ಗೋಜಿಲ್ಲ. ಕಾಫಿ ಹಣ ವರ್ಷಕ್ಕೊಮ್ಮೆ ಕೈಗೆ ಬರುವ ಮನೆಗಳಿಗೆ ಇದು ಸಣ್ಣ ಸಮಾಧಾನವಲ್ಲ. ಸಾಲದ ದಾರಿಯಲ್ಲಿ ಕೊಡಗಿನವರಿಗೆ ಬೇರೆಯೇ ಗೋಳು: ತೋಟವನ್ನು ಅಡಮಾನ ಇಡುವುದು ಸುಲಭವಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಾದರೆ ಆರ್‌ಟಿಸಿಯಲ್ಲಿ ಇಡೀ ಒಕ್ಕದ (ಮನೆತನದ) ಹೆಸರುಗಳು ಇರುತ್ತವೆ, ಎಲ್ಲರ ಸಹಿ ಕೂಡಿಸುವಷ್ಟರಲ್ಲಿ ಸೆಮಿಸ್ಟರು ಶುರುವಾಗಿರುತ್ತದೆ.

ಡಾಡ್ ಅರ್ಜಿಗೆ ಶುಲ್ಕವಿಲ್ಲ, ಮಧ್ಯವರ್ತಿಗಳೂ ಇಲ್ಲ. ‘ನಮ್ಮಲ್ಲಿ ಡಾಡ್ ಸೀಟು ಇದೆ’ ಎನ್ನುವ ಕನ್ಸಲ್ಟೆನ್ಸಿಯವರು ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಒಳಿತು. ‘ಉಚಿತ ಮಾರ್ಗದರ್ಶನ’ ಕೊಡುವ ಏಜೆಂಟರಿಗೆ ಹಣ ಬರುವುದು ವಿಶ್ವವಿದ್ಯಾಲಯ ಕೊಡುವ ಕಮಿಷನ್ನಿನಿಂದ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುವುದಿಲ್ಲ. ಅದಕ್ಕೇ ಜರ್ಮನಿ ಎಂದ ತಕ್ಷಣ ಬಹಳಷ್ಟು ಏಜೆಂಟರು ಖಾಸಗಿ ಕಾಲೇಜಿನ ಬ್ರೋಷರ್ ಮುಂದಿಡುತ್ತಾರೆ.

ಅರ್ಹತೆಯ ಷರತ್ತುಗಳು ಮೂರು. ಪದವಿಯ ನಂತರ, ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸದಲ್ಲಿ ಕನಿಷ್ಠ ಎರಡು ವರ್ಷದ ಅನುಭವ. ಕೊನೆಯ ಪದವಿ ಪಡೆದು ಆರು ವರ್ಷ ಮೀರಿರಬಾರದು. ಅಂಕಗಳಲ್ಲಿ ತರಗತಿಯ ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು. ಮೂರನೆಯದಕ್ಕೆ ಸುಲಭ ದಾರಿಯಿದೆ: ಇಷ್ಟು ಜನರ ಬ್ಯಾಚಿನಲ್ಲಿ ಇಷ್ಟನೇ ಸ್ಥಾನ ಎಂದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ನಮ್ಮಲ್ಲಿನ ಶೇಕಡಾ 72 ಅಲ್ಲಿನವರಿಗೆ ದೊಡ್ಡದೋ ಸಣ್ಣದೋ ಗೊತ್ತಾಗುವುದಿಲ್ಲ, ಸ್ಥಾನ ಗೊತ್ತಾಗುತ್ತದೆ. ಅವರ ಅಂಕ ಪರಿವರ್ತನೆಯ ಸೂತ್ರವನ್ನೂ ತಿಳಿದಿರಿ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ನೂರಕ್ಕೆ 75 ಬಂದು ಪಾಸ್ ಅಂಕ 40 ಆಗಿದ್ದರೆ 2.25, ಪಾಸ್ ಅಂಕ 50 ಆಗಿದ್ದರೆ ಅದೇ 75ಕ್ಕೆ 2.5. ಅಲ್ಲಿ 1 ಉತ್ತಮ, 4 ಕನಿಷ್ಠ. ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಪಾಸ್ ಅಂಕ ಅಚ್ಚಾಗಿದ್ದರೆ ಆ ಪುಟವನ್ನೂ ಸ್ಕ್ಯಾನ್ ಮಾಡಿ. ಮುಂಬದಿ ಮಾತ್ರ ಕಳಿಸಿ ಸುಮ್ಮನಾಗುವವರೇ ಹೆಚ್ಚು.

ನಿಜವಾದ ತೊಡಕು ಅನುಭವದ ಷರತ್ತಿನದು. ಡಿಗ್ರಿ ಮುಗಿಸಿ ಊರಿಗೆ ಬಂದು ಎರಡು ಮೂರು ವರ್ಷ ತೋಟ ನೋಡಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಸಿ, ನೆರಳು ಮರದ ಕೊಂಬೆ ಕಡಿಸುವುದು, ಸ್ಪ್ರಿಂಕ್ಲರ್, ಆಳುಗಳ ಲೆಕ್ಕ, ಕರಿಮೆಣಸಿನ ಬಳ್ಳಿಯ ಕೊಳೆರೋಗ, ಇದೆಲ್ಲ ಗೊತ್ತಿರುವವರಿಗೆ ಅನುಭವ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಆದರೆ ಅರ್ಜಿಯ ಜೊತೆ ಉದ್ಯೋಗದಾತರ ಪತ್ರ ಬೇಕು: ಲೆಟರ್‌ಹೆಡ್, ಹುದ್ದೆ, ಸೇರಿದ ದಿನಾಂಕ, ಕೆಲಸದ ವಿವರ, ಸಹಿ, ಮೊಹರು. ಅಪ್ಪನೇ ಮಗನಿಗೆ ಬರೆದುಕೊಟ್ಟ ಅನುಭವ ಪತ್ರಕ್ಕೆ ಅಲ್ಲಿ ತೂಕವಿಲ್ಲ. ಹಾಗಾಗಿ ಇಪಿಒಎಸ್ ಮನಸ್ಸಿನಲ್ಲಿದ್ದರೆ ಮೊದಲೇ ರೈತ ಉತ್ಪಾದಕ ಕಂಪನಿ, ಸಹಕಾರ ಸಂಘ, ಸ್ವಯಂಸೇವಾ ಸಂಸ್ಥೆ, ಸಂಶೋಧನಾ ಕೇಂದ್ರದ ಪ್ರಾಜೆಕ್ಟ್ ಸಹಾಯಕ ಹುದ್ದೆ, ಹೀಗೆ ಎಲ್ಲಾದರೂ ಸಂಬಳದ ಪಟ್ಟಿಯಲ್ಲಿ ಹೆಸರಿರುವಂತೆ ನೋಡಿಕೊಳ್ಳಿ. ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ, ಅದು ಬ್ಯಾಂಕ್ ಖಾತೆಗೆ ಬರಲಿ. ಸಹಕಾರ ಸಂಘದವರು ಕನ್ನಡದಲ್ಲಿ ಪತ್ರ ಕೊಟ್ಟರೆ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಇಡಿ. ಓದುವಾಗ ಮಾಡಿದ ಇಂಟರ್ನ್‌ಶಿಪ್ ಈ ಎರಡು ವರ್ಷಕ್ಕೆ ಸೇರುವುದಿಲ್ಲ.

ಹೆಸರಿನ ವಿಷಯಕ್ಕೆ ಬರೋಣ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ: ಮೊದಲು ಒಕ್ಕದ ಹೆಸರು, ಆಮೇಲೆ ತಂದೆಯದು, ಕೊನೆಗೆ ಸ್ವಂತದ್ದು. ಜರ್ಮನ್ ಫಾರಂ ಕೇಳುವುದು ಎರಡೇ ಖಾನೆ, ಕುಟುಂಬದ ಹೆಸರು ಮತ್ತು ಕೊಟ್ಟ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದೆ ಬಂದದ್ದು, ಹೀಗೆ ಒಬ್ಬರೇ ಮೂವರಾಗಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವುದೇ ಅಂತಿಮ ಎಂದಿಟ್ಟುಕೊಂಡು ಎಲ್ಲ ಫಾರಂಗಳಲ್ಲಿ ಅದೇ ಕ್ರಮ ಬಳಸಿ. ಉಳಿದ ದಾಖಲೆಗಳ ಹೆಸರೂ ಅದೇ ವ್ಯಕ್ತಿಯದು ಎಂದು ನೋಟರಿ ಅಫಿಡವಿಟ್ ಮಾಡಿಸಿಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇದ್ದರೆ ಅರ್ಜಿಗೆ ಮುಂಚೆಯೇ ಸರಿಪಡಿಸಿ. ವೀಸಾ ಹೊತ್ತಿಗೆ ತಿದ್ದಲು ಹೊರಟರೆ ಆಫರ್ ಪತ್ರ, ವಿಮೆ, ಟಿಕೆಟ್ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರಿನ ಅಂಕಗಳ ಅಧಿಕೃತ ಪಟ್ಟಿ) ಎಲ್ಲಿಂದ ತರಬೇಕು ಎಂಬ ಗೊಂದಲವೂ ಇದೆ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆಗುವ ಮೊದಲು ಜಿಲ್ಲೆಯ ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದಡಿ ಇದ್ದವು. ಆಗ ಓದಿದವರ ದಾಖಲೆ ಕೊಣಾಜೆಯ ಆ ವಿಶ್ವವಿದ್ಯಾಲಯದಿಂದಲೇ ಬರಬೇಕು. ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು, ಅರಣ್ಯ ಕಾಲೇಜಿನದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ. ಕಾಲೇಜಿನಲ್ಲಿ ಬೇಡಿದರೆ ಮಾರ್ಕ್ಸ್ ಕಾರ್ಡಿನ ಅಟೆಸ್ಟೆಡ್ ಪ್ರತಿ ಸಿಗುತ್ತದೆ, ಟ್ರಾನ್ಸ್‌ಕ್ರಿಪ್ಟ್ ಸಿಗುವುದಿಲ್ಲ. ಇನ್ನು ನಾಲ್ಕು ವರ್ಷದ ಆನರ್ಸ್ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಬಿ.ಎಸ್ಸಿ ಅರಣ್ಯಶಾಸ್ತ್ರ ನಾಲ್ಕು ವರ್ಷದ್ದಾದ್ದರಿಂದ ಅವರಿಗೆ ತೊಂದರೆಯಿಲ್ಲ. ಸಾಮಾನ್ಯ ಬಿ.ಎ, ಬಿ.ಎಸ್ಸಿಯವರು ಕೋರ್ಸಿನ ಪುಟದಲ್ಲಿ ಎಷ್ಟು ಇಸಿಟಿಎಸ್ ಕ್ರೆಡಿಟ್ (ಓದಿನ ಪ್ರಮಾಣಕ್ಕೆ ಯುರೋಪಿನ ಅಳತೆ) ಕೇಳಿದ್ದಾರೆ ಎಂದು ನೋಡಬೇಕು. 180 ಎಂದಿದ್ದರೆ ಮೂರು ವರ್ಷದ ಪದವಿಗೆ ಅವಕಾಶವಿದೆ, 240 ಎಂದಿದ್ದರೆ ಕಷ್ಟ.

ಮೋಟಿವೇಶನ್ ಪತ್ರ ಎರಡು ಪುಟ ಮೀರಬಾರದು. ದಿನಾಂಕ ಹಾಕಿ ಕೈಯಲ್ಲೇ ಸಹಿ ಮಾಡಬೇಕು, ಟೈಪ್ ಮಾಡಿದ ಹೆಸರು ಸಹಿಯಲ್ಲ. ಯುರೋಪ್ ಒಕ್ಕೂಟದ ಯೂರೋಪಾಸ್ ಮಾದರಿಯ ಸಿವಿಗೂ ಇದೇ ನಿಯಮ. ನಮ್ಮವರ ಪತ್ರಗಳಲ್ಲಿ ಕಾಣುವ ದೊಡ್ಡ ದೋಷವೆಂದರೆ ಮೊದಲ ಅರ್ಧ ಪುಟ ಕೊಡಗಿನ ಬೆಟ್ಟ, ಮಂಜು, ಕಾವೇರಿಗೇ ಹೋಗುವುದು. ಆಯ್ಕೆ ಸಮಿತಿಯವರಿಗೆ ಪ್ರವಾಸ ಮಾಹಿತಿ ಬೇಕಿಲ್ಲ, ನೀವು ಕೈಹಾಕಿರುವ ಸಮಸ್ಯೆ ಬೇಕು. ‘ನನಗೆ ಪರಿಸರದ ಬಗ್ಗೆ ಅಪಾರ ಕಾಳಜಿ’ ಎಂಬ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: ‘ಸಿಲ್ವರ್ ಓಕ್ ಕಡಿಯಲು ಅನುಮತಿಯ ತಾಪತ್ರಯವಿಲ್ಲ, ನಾಡ ಮರಗಳಿಗೆ ಇದೆ, ಆದ್ದರಿಂದ ಬೆಳೆಗಾರರು ನಾಡ ಮರ ತೆಗೆದು ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುತ್ತಿದ್ದಾರೆ. ನಾನು ಕೆಲಸ ಮಾಡುವ ಸಂಘದ ಸದಸ್ಯರ ತೋಟಗಳಲ್ಲಿ ಈ ಬದಲಾವಣೆಯನ್ನು ದಾಖಲಿಸುತ್ತಿದ್ದೇನೆ. ಮರದ ಲೆಕ್ಕ ಹಾಕುವ ವಿಧಾನ ಕಲಿತು ಇದೇ ಸಂಘಕ್ಕೆ ಮರಳುತ್ತೇನೆ.’ ಸಮಸ್ಯೆ, ಈಗಿನ ಕೆಲಸ, ಕಲಿಯಬೇಕಾದದ್ದು, ಮರಳಿ ಮಾಡುವುದು, ನಾಲ್ಕೂ ಅದರಲ್ಲಿ ಬಂತು. ದೇವರಕಾಡು, ಆನೆ ಹಾವಳಿ, 2018ರ ಆಗಸ್ಟಿನ ಭೂಕುಸಿತ ಯಾವುದಾದರೂ ಆದೀತು, ನೀವು ಅದರಲ್ಲಿ ನಿಜಕ್ಕೂ ಕೆಲಸ ಮಾಡಿದ್ದರೆ.

ಇಪಿಒಎಸ್ ಅರ್ಜಿ ಹೋಗುವುದು ಡಾಡ್‌ಗೆ ಅಲ್ಲ, ನೇರ ಕೋರ್ಸಿಗೆ. ಹೆಚ್ಚೆಂದರೆ ಮೂರು ಕೋರ್ಸಿಗೆ ಹಾಕಬಹುದು, ಆದ್ಯತೆಯ ಕ್ರಮ ನಮೂದಿಸಬೇಕು. ಗಡುವು ಕೋರ್ಸಿಗೊಂದು, ಹೆಚ್ಚಿನವು ಮುಂದಿನ ವರ್ಷದ ಪ್ರವೇಶಕ್ಕೆ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಬರುತ್ತವೆ. ಅಂದರೆ ಕಕ್ಕಡದ ಮಳೆಯಿಂದ ತುಲಾ ಸಂಕ್ರಮಣದವರೆಗೆ, ಕರೆಂಟು ದಿನಗಟ್ಟಲೆ ಹೋಗುವ ಕಾಲ ಒಂದು ಕಡೆ, ದಸರಾ ರಜೆಯಲ್ಲಿ ಕಚೇರಿ ಮುಚ್ಚುವ ಕಾಲ ಇನ್ನೊಂದು ಕಡೆ. ಟ್ರಾನ್ಸ್‌ಕ್ರಿಪ್ಟ್, ಅನುಭವ ಪತ್ರ, ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಅಂಕ ಮೇ ಮುಗಿಯುವುದರೊಳಗೆ ಕೈಯಲ್ಲಿರಲಿ. ಉದ್ಯೋಗದಾತರ ಶಿಫಾರಸು ಪತ್ರಕ್ಕೆ ಮಾತ್ರ ಹೊಸ ದಿನಾಂಕ ಬೇಕಾಗುತ್ತದೆ. ಐಇಎಲ್‌ಟಿಎಸ್‌ಗೆ ಮೈಸೂರು ಅಥವಾ ಮಂಗಳೂರಿಗೆ ಹೋಗಿ ಬನ್ನಿ, ಅಂಕ ಎರಡು ವರ್ಷ ನಡೆಯುತ್ತದೆ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಗಳನ್ನು ಮಳೆಗಾಲದಲ್ಲಿ ಕೊಡಗಿನಿಂದ ಬರೆಯುವ ಸಾಹಸ ಬೇಡ. ನಡುವೆ ಸಂಪರ್ಕ ಕಡಿದರೆ ಪರೀಕ್ಷೆಯೂ ಹೋಯಿತು, ಶುಲ್ಕವೂ ಹೋಯಿತು.

ಡಾಡ್‌ನ ಸ್ವಂತ ಪೋರ್ಟಲ್ ಬೇಕಾಗುವುದು ಅಲ್ಲಿನ ಇತರ ಯೋಜನೆಗಳಿಗೆ. ಅರ್ಜಿಯ ಕೊಂಡಿ ಗಡುವಿಗೆ ಸುಮಾರು ಆರು ವಾರ ಮೊದಲು ಮಾತ್ರ ತೆರೆಯುತ್ತದೆ. ಅದಕ್ಕೆ ಮೊದಲು ಹುಡುಕಿದವರು ‘ಯೋಜನೆಯೇ ನಿಂತಿದೆ’ ಎಂದು ಕೈಬಿಡುವುದುಂಟು. ಶಿಫಾರಸು ಪತ್ರದ ನಮೂನೆಯನ್ನು ಪೋರ್ಟಲ್ಲಿನಲ್ಲೇ ತಯಾರಿಸಿ ಮೇಷ್ಟ್ರಿಗೆ ಕಳಿಸಬೇಕು, ಖಾಲಿ ಹಾಳೆಯಲ್ಲಿ ಬರೆಸಿ ತಂದದ್ದು ನಡೆಯುವುದಿಲ್ಲ. ಗಡುವು ಜರ್ಮನ್ ಸಮಯದ್ದು: ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಅಧ್ಯಾಪಕರಿಗೆ ಇರುವುದು ಒಂದರಿಂದ ಮೂರು ತಿಂಗಳ ಸಂಶೋಧನಾ ವಾಸ್ತವ್ಯ. ಪಿಎಚ್‌ಡಿ ಆಗಿರಬೇಕು, ಇಲ್ಲಿನ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸದಲ್ಲಿರಬೇಕು, ಜರ್ಮನಿಯ ಪ್ರಾಧ್ಯಾಪಕರ ಆಹ್ವಾನ ಪತ್ರ ಬೇಕು. ಒಮ್ಮೆ ಪಡೆದರೆ ಮೂರು ವರ್ಷ ಮತ್ತೆ ಇಲ್ಲ, ಸಮ್ಮೇಳನಕ್ಕೆ ಹೋಗಲು ಈ ಹಣ ಕೊಡುವುದಿಲ್ಲ. ‘ನಿಮ್ಮ ವಿಭಾಗಕ್ಕೆ ಬರಲು ಇಚ್ಛಿಸುತ್ತೇನೆ’ ಎಂಬ ಇಮೇಲಿಗೆ ಉತ್ತರ ಬರುವುದಿಲ್ಲ. ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ನಿಮ್ಮ ಬಳಿ ಇರುವ ದತ್ತಾಂಶ ಅದಕ್ಕೆ ಎಲ್ಲಿ ಕೂಡುತ್ತದೆ ಎಂದು ಐದಾರು ಸಾಲಿನಲ್ಲಿ ಬರೆದರೆ ಬರುತ್ತದೆ. ಸರ್ಕಾರಿ ಕಾಲೇಜಿನವರಿಗೆ ನಿರಾಕ್ಷೇಪಣಾ ಪತ್ರದ ಕಡತ ಪ್ರಾಂಶುಪಾಲರಿಂದ ಜಂಟಿ ನಿರ್ದೇಶಕರಿಗೆ, ಅಲ್ಲಿಂದ ಬೆಂಗಳೂರಿಗೆ ಸಾಗಬೇಕು. ಆಹ್ವಾನ ಬಂದ ದಿನವೇ ಅದನ್ನು ಹೊರಡಿಸಿ. ಅತಿಥಿ ಉಪನ್ಯಾಸಕರಿಗೆ ವರ್ಷಪೂರ್ತಿ ಕೆಲಸದಲ್ಲಿದ್ದಾರೆಂಬ ಪತ್ರವೇ ಸಿಗುವುದಿಲ್ಲವಾದ್ದರಿಂದ ಕಾಗದದ ಮೇಲೆ ಇರುವ ಅವಕಾಶ ಅವರ ಕೈಗೆ ಎಟಕುವುದಿಲ್ಲ.

ಈಗ ಕಳೆದ ಅಂಕದ ಲೆಕ್ಕ. ಆಯ್ಕೆಯಾಗದಿದ್ದರೆ ಕಾರಣ ಹೇಳುವುದಿಲ್ಲ. ಅಂಕ ಕಡಿಮೆಯೋ, ಅನುಭವ ಪತ್ರ ಸಾಲಲಿಲ್ಲವೋ, ಬರವಣಿಗೆ ಸೋತಿತೋ ತಿಳಿಯದೆ ಮುಂದಿನ ವರ್ಷ ಅದೇ ಅರ್ಜಿ ಹಾಕುವ ಸ್ಥಿತಿ. ದೂರದೂರಿನಿಂದ ಒಬ್ಬರೇ ಅರ್ಜಿ ಹಾಕುವವರಿಗೆ ಇದರ ಪೆಟ್ಟು ಹೆಚ್ಚು.

ಕೆಲಸದ ಅನುಭವ ಇಲ್ಲದವರು ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳನ್ನು ನೋಡಲಿ. ತಿಂಗಳಿಗೆ 1,400 ಯೂರೋ, ಎರಡು ಮೂರು ದೇಶದಲ್ಲಿ ಓದು, ಪೈಪೋಟಿಯೂ ಅಷ್ಟೇ. ಸ್ವಂತ ಖರ್ಚಿನಲ್ಲಿ ಜರ್ಮನಿಗೆ ಹೋಗುವವರು ಎಪಿಎಸ್ ಪ್ರಮಾಣಪತ್ರಕ್ಕೆ (ಇಲ್ಲಿನ ಪದವಿ ದಾಖಲೆಗಳು ಅಸಲಿ ಎಂಬ ಪರಿಶೀಲನೆ) 18,000 ರೂಪಾಯಿ ತೆಗೆದಿಡಬೇಕು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ ಒಟ್ಟು 125ರ ಪೈಕಿ 115 ಸ್ಥಾನಗಳಿವೆ. ಕುಟುಂಬದ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ ಇರಬೇಕು, ಭಾರತದ ಸಂಸ್ಕೃತಿ, ಇತಿಹಾಸದ ವಿಷಯಗಳಿಗೆ ಕೊಡುವುದಿಲ್ಲ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಮಂತ್ರಾಲಯದ ಪ್ರತ್ಯೇಕ ಯೋಜನೆಯಿದೆ: 20 ಸ್ಥಾನ, ಆದಾಯ ಮಿತಿ 6 ಲಕ್ಷ. ಆ ಇಪ್ಪತ್ತರಲ್ಲಿ ಮೂರು ಸ್ಥಾನಗಳು ವಿಶೇಷವಾಗಿ ದುರ್ಬಲ ಬುಡಕಟ್ಟು ಗುಂಪುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಗುಂಪಿಗೆ ಸೇರಿದವರು ಕೊರಗರು ಮತ್ತು ಜೇನುಕುರುಬರು ಮಾತ್ರ. ಪದವಿ ಓದುತ್ತಿರುವ ಜೇನುಕುರುಬ ಮಕ್ಕಳಿರುವ ಕಾಲೇಜುಗಳು ಕೊನೆಯ ವರ್ಷದಲ್ಲೇ ಅವರ ಪಾಸ್‌ಪೋರ್ಟ್, ಜಾತಿ ಮತ್ತು ಆದಾಯ ಪತ್ರದ ಕೆಲಸ ಶುರುಮಾಡಿದರೆ ಅರ್ಜಿ ಕರೆದಾಗ ನಾಡಕಚೇರಿಗೆ ಓಡಾಡುವುದು ತಪ್ಪುತ್ತದೆ.